ಮೀನಿಗೂ ರಾತ್ರಿ ಬೇಕು

ರಾಯಚೂರಿನ ತೀನ್ ಕಂದೀಲ್ ಕಡೆ ರಾತ್ರಿ ಶಟರ್ ಎಳೆದ ಮೇಲೂ ಒಂದೆರಡು ಅಂಗಡಿಗಳ ಸಂದಿಯಿಂದ ನೀಲಿ ಬೆಳಕು ಬರುತ್ತಿರುತ್ತದೆ. ಒಳಗಿರುವುದು ಮೀನಿನ ಟ್ಯಾಂಕ್. ಈಶಾನ್ಯ ಮೂಲೆ ನೋಡಿಯೇ ಇಟ್ಟಿದ್ದು. ಲೈಟು ಆರಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ ಯಾರೋ ವಾಸ್ತು ಹೇಳಿದ್ದಾರೆ. ಮನೆಗಳಲ್ಲಿ ಕಾರಣ ಬೇರೆ: ‘ಪಾಪ, ಕತ್ತಲಲ್ಲಿ ಹೆದರುತ್ತವೆ.’ ಲಕ್ಷ್ಮಿಯ ವಿಚಾರ ನಾನು ಹೇಳಲಾರೆ. ಮೀನು ಮಾತ್ರ ನಿದ್ದೆಗೆಡುವುದು ಖಂಡಿತ.

ಅಕ್ವೇರಿಯಂ ಮೀನುಗಳಿಗೆ ಮುಚ್ಚಿಕೊಳ್ಳಲು ರೆಪ್ಪೆ ಇಲ್ಲ. ಬಹುತೇಕ ಮೀನುಗಳ ಪಾಪೆ ನಮ್ಮದರಂತೆ ಹಿಗ್ಗಿ ಕುಗ್ಗುವುದೂ ಇಲ್ಲ. ಮತ್ತೆ ಜಾಸ್ತಿ ಬೆಳಕನ್ನು ತಡೆದುಕೊಳ್ಳುವುದು ಹೇಗೆ? ಮಜಾ ಇರುವುದು ಇಲ್ಲೇ. ಅಕ್ಷಿಪಟದಲ್ಲಿ ಮಂದ ಬೆಳಕಿಗೆ ಕಡ್ಡಿಯಂಥ ಕೋಶಗಳಿವೆ, ಹಗಲಿಗೆ ಶಂಕುವಿನಂಥವು. ನಮ್ಮ ಕಣ್ಣಲ್ಲಿ ಅವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಮೀನಿನ ಕಣ್ಣಲ್ಲಿ ಜಾಗ ಬದಲಿಸುತ್ತವೆ! ಬೆಳಗಾದಂತೆ ಶಂಕುಗಳು ಗಿಡ್ಡವಾಗಿ ಮುಂದೆ ಬರುತ್ತವೆ. ಕಡ್ಡಿಗಳು ಉದ್ದವಾಗಿ ಹಿಂದಿನ ಕಪ್ಪು ಪದರದೊಳಗೆ ಹೂತುಕೊಳ್ಳುತ್ತವೆ. ಬಿಸಿಲಿಗೆ ಕಿಟಕಿಯ ಪರದೆ ಎಳೆದ ಹಾಗೆ ಆ ಪದರದ ಕಪ್ಪು ಕಣಗಳು ಹರಡಿ ಅವಕ್ಕೆ ಮರೆ ಕಟ್ಟುತ್ತವೆ. ಸಂಜೆಯಾದರೆ ಎಲ್ಲಾ ಉಲ್ಟಾ. ಇಷ್ಟೆಲ್ಲ ಆಗಲು ಹತ್ತಾರು ನಿಮಿಷ ಬೇಕು, ಕೆಲವೊಮ್ಮೆ ಗಂಟೆಯೇ ಹಿಡಿಯುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದವರು ಟಕ್ ಅಂತ ಟ್ಯಾಂಕ್ ಲೈಟ್ ಹಾಕಿದರೆ ಮೀನು ಬೆದರಿ ಗಾಜಿಗೆ ಬಡಿದುಕೊಳ್ಳುವುದು ಇದಕ್ಕೇ. ‘ನನ್ನ ನೋಡಿ ಖುಷಿಯಾಯ್ತು’ ಅಂದುಕೊಳ್ಳುವವರೂ ಇದ್ದಾರೆ!

ಇನ್ನು ನೆತ್ತಿಯ ಕಥೆ. ಜೇನ್ನೊಣಗಳ ಕುಣಿತದ ಗುಟ್ಟು ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದಕ್ಕೂ ಮೊದಲು ಮೀನಿನ ಹಿಂದೆ ಬಿದ್ದವರು. 1911ರಲ್ಲಿ ಅವರು ಕುರುಡು ಮಿನ್ನೋ ಮೀನುಗಳ ನೆತ್ತಿಗೆ ಬೆಳಕು ಬಿಟ್ಟು ನೋಡಿದರು. ಮೈಬಣ್ಣ ಬದಲಾಯಿತು. ನೆತ್ತಿಯ ಕೆಳಗಿನ ಪಿನಿಯಲ್ ಅಂಗವನ್ನು ತೆಗೆದರೂ ಬದಲಾಯಿತು! ಪಿನಿಯಲ್ ಜೊತೆಗೆ ಮೆದುಳಿನ ಆಳಕ್ಕೂ ಬೆಳಕು ತಿಳಿಯುತ್ತದೆ ಅಂತಾಯಿತು. ಕತ್ತಲಾದಾಗ ಪಿನಿಯಲ್ ಬಿಡುವ, ಮೈಗೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನು ಮೆಲಟೋನಿನ್ ಸಿಕ್ಕಿದ್ದು 1958ರಲ್ಲಿ. ಕಂಡುಹಿಡಿದ ಆರನ್ ಲರ್ನರ್ ಚರ್ಮರೋಗ ತಜ್ಞ. ನಿದ್ದೆಗೂ ಅವರ ಹುಡುಕಾಟಕ್ಕೂ ಸಂಬಂಧವೇ ಇರಲಿಲ್ಲ. ಇರಲಿ. ಈಗ ನಿಮ್ಮ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ. ಎಲ್‌ಇಡಿ ಪಟ್ಟಿ ಇರುವುದು ಸರಿಯಾಗಿ ಮೀನಿನ ನೆತ್ತಿಯ ಮೇಲೇ ಅಲ್ವಾ? ರಾತ್ರಿಯಿಡೀ ಉರಿದರೆ ಅದರ ಮೈಗೆ ರಾತ್ರಿಯಾಗುವುದೇ ಇಲ್ಲ.

ನಮ್ಮ ದೇಶದ ಹೊಳೆಗಳದೇ ಮೀನು ಜೀಬ್ರಾ ಡೇನಿಯೊ. ಪ್ರಯೋಗಾಲಯಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 14 ಗಂಟೆ ಬೆಳಕು, 10 ಗಂಟೆ ಕತ್ತಲು. ಎಡೆಬಿಡದೆ ಬೆಳಕಿನಲ್ಲಿಟ್ಟರೆ ಅದರ ನಿದ್ದೆ ಹೆಚ್ಚುಕಡಿಮೆ ಮಾಯವಾಗುತ್ತದೆ ಅಂತ 2007ರಲ್ಲೇ ತೋರಿಸಿದ್ದಾರೆ.

ಮನೆಯ ಟ್ಯಾಂಕಿಗೆ 8ರಿಂದ 10 ಗಂಟೆ ಬೆಳಕು ಸಾಕು. ಜಾಸ್ತಿಯಾದರೆ ಮೊದಲು ಖುಷಿಪಡುವುದು ಪಾಚಿ. ಹಳೇ ಬಲ್ಬಿನ ಮುಚ್ಚಳವಾದರೆ ನೀರೂ ಕಾಯುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ 7.5 ಅಷ್ಟೇ. ನಮ್ಮ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ.

ಟೈಮರ್ ಹಾಕಿದರೆ ತಲೆಬಿಸಿ ಇಲ್ಲ. ಆದರೆ ತಿರುಗಿಸುವ ಡಯಲ್ ಇರುವುದು ಬೇಡ. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುವ ಜಿಲ್ಲೆಯಾದರೂ ಕರೆಂಟ್ ಹೋಗುತ್ತದೆ, ಡಯಲ್ ಅಲ್ಲೇ ನಿಲ್ಲುತ್ತದೆ. ವಾರ ಕಳೆಯುವುದರೊಳಗೆ ಮೀನಿಗೆ ರಾತ್ರಿ ಹತ್ತಕ್ಕೆ ಮಧ್ಯಾಹ್ನ! ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಬೆಳಿಗ್ಗೆ ಮೊದಲು ಕಿಟಕಿ ತೆರೆದು, ಅರ್ಧ ಗಂಟೆ ಬಿಟ್ಟು ಟ್ಯಾಂಕ್ ಲೈಟ್ ಬರುವಂತೆ ಸಮಯ ಹೊಂದಿಸಿ.

ನಿಯಾನ್ ಟೆಟ್ರಾ ಸಾಕಿದವರಿಗೆ ಇನ್ನೊಂದು ಮಾತು. ಕತ್ತಲಲ್ಲಿ ಅದರ ಹೊಳೆಯುವ ಪಟ್ಟಿ ಮಂಕಾಗುತ್ತದೆ. ರಾತ್ರಿ ಟಾರ್ಚ್ ಬೆಳಕಲ್ಲಿ ಹಾಗೆ ಕಂಡರೆ ರೋಗ ಬಂತೆಂದು ನೀರಿಗೆ ಔಷಧ ಸುರಿಯಬೇಡಿ. ಬೆಳಗಾದರೆ ಬಣ್ಣ ತಾನಾಗಿಯೇ ಬರುತ್ತದೆ.