ಹಣೆಯ ಬೆವರು ಒರೆಸುವ ಮುನ್ನ

ಕಲಬುರಗಿಯ ಬಡಾವಣೆಗಳ ಪಾರ್ಕುಗಳಲ್ಲಿ ವಾಕಿಂಗ್‌ಗೆ ಬರುವವರೇ ಗಿಡಗಳಿಗೆ ನೀರು ಹಾಕಿ, ಕಳೆ ಕಿತ್ತು ನೋಡಿಕೊಳ್ಳುವುದುಂಟು. ದಾಸವಾಳಕ್ಕೆ ಹಿಟ್ಟು ತಿಗಣೆ ಬಿತ್ತು ಅನ್ನಿ, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: 'ಊರಾಗ ತೊಗರಿಗಿ ಹೊಡೆದ ಎಣ್ಣಿ ಉಳದದ, ತರ್ತೀನ್ರಿ.' ತೊಗರಿಯ ಕಣಜ ಅಲ್ವಾ ನಮ್ಮದು! ಕಾಯಿಕೊರಕ ಹುಳಕ್ಕೆ ತಂದ ಕೀಟನಾಶಕದ ಬಾಟಲಿಯಲ್ಲಿ ಒಂದಿಷ್ಟು ಉಳಿದೇ ಇರುತ್ತದೆ.

ಹಿಟ್ಟು ತಿಗಣೆಗೆ ಅದು ಬೇಕಾಗಿಯೇ ಇಲ್ಲ. ಪೈಪಿನ ನೀರನ್ನು ಜೋರಾಗಿ ಬಿಟ್ಟರೆ ಅರ್ಧ ಉದುರುತ್ತವೆ. ಉಳಿದವಕ್ಕೆ ಸೋಪು ನೀರು ಬೆರೆಸಿದ ಬೇವಿನೆಣ್ಣೆ ಸಾಕು. ಅದನ್ನೂ ಮಧ್ಯಾಹ್ನ ಹೊಡೆಯಬೇಡಿ, ಎಲೆ ಸುಟ್ಟುಹೋಗುತ್ತದೆ.

ಬೇರೆ ದಾರಿಯೇ ಇಲ್ಲದೆ ಕೀಟನಾಶಕ ತಂದರೆ, ಮೊದಲು ಲೇಬಲ್ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಮೈತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೇ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸತ್ತರೆ ಅದು ಕೆಂಪು. ಹಸಿರಿಗೆ 5000 ಮಿಲಿಗ್ರಾಂ ದಾಟಬೇಕು. ಮಕ್ಕಳು ಆಡುವ ಜಾಗಕ್ಕೆ ಕೆಂಪು, ಹಳದಿ ಬೇಡವೇ ಬೇಡ. ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿಕೊಂಡು ತಂದಿದ್ದರಂತೂ ವಾಪಸ್ ಕಳಿಸಿ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು.

ಮಾಸ್ಕ್ ಹಾಕಿದರೆ ಮುಗೀತು ಅಂದುಕೊಳ್ಳುತ್ತೇವೆ. ಆದರೆ ಸಿಂಪಡಿಸುವವರ ಮೈಗೆ ವಿಷ ಹೆಚ್ಚಾಗಿ ಇಳಿಯುವುದು ಚರ್ಮದಿಂದ. ಅದೂ ಎಲ್ಲ ಕಡೆ ಒಂದೇ ಥರ ಅಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಚರ್ಮ ಎಷ್ಟು ಹೀರುತ್ತದೆ ಎಂದು ಅಳೆದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಮುಂಗೈಗಿಂತ ಹಣೆಯ ಚರ್ಮ ಸುಮಾರು 4 ಪಟ್ಟು ಹೀರಿತ್ತು, ವೃಷಣದ ಚರ್ಮ ಸುಮಾರು 12 ಪಟ್ಟು.

ಈಗ ಮೇ ತಿಂಗಳ ಕಲಬುರಗಿ ನೆನೆಸಿಕೊಳ್ಳಿ, 42 ಡಿಗ್ರಿ ಬಿಸಿಲು. ಗ್ಲೌಸ್ ಹಾಕಿದ ಕೈಯಿಂದಲೇ ಬೆವರು ಒರೆಸುತ್ತೇವೆ, ಅದೂ ಹಣೆಯದ್ದು. ಬೆನ್ನಿಗೆ ಕಟ್ಟಿದ ಪಂಪು ಸೋರಿದರೆ ನೀರು ಸೊಂಟಕ್ಕಿಳಿದು ಪ್ಯಾಂಟು ತೋಯುತ್ತದೆ. ಬಿಸಿಯಾಗಿ ಬೆವರಿದ ಚರ್ಮ ಇನ್ನೂ ಜಾಸ್ತಿ ಹೀರುತ್ತದೆ. ಹಾಗಾಗಿ ಈ ಊರಲ್ಲಿ ಗ್ಲೌಸಿಗಿಂತ ಮೊದಲು ಗಡಿಯಾರ ನೋಡಬೇಕು ಅನ್ನುತ್ತೇನೆ ನಾನು. ಬಿಸಿಲಿಳಿದ ಮೇಲೆ ಹೊಡೆದರೆ ಜೇನ್ನೊಣಗಳೂ ಗೂಡು ಸೇರಿರುತ್ತವೆ. ಪಾರ್ಕು ತುಂಬುವುದೂ ಆಗಲೇ, ಏನು ಮಾಡೋದು, ಗೇಟು ಹಾಕಿಯೇ ಹೊಡೆಯಬೇಕು.

ಬಿಸಿಲಿನಿಂದ ಇನ್ನೊಂದು ಫಜೀತಿಯಿದೆ. ನರಗಳ ಸಂದೇಶ ತಲುಪಿದ ಮೇಲೆ ಅದನ್ನು ಅಳಿಸುವ ಕಿಣ್ವವೊಂದು ನಮ್ಮ ಮೈಯಲ್ಲಿದೆ. ಮೊನೊಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ತಲೆನೋವು, ಬೆವರು, ವಾಂತಿ, ಸುಸ್ತು ಶುರುವಾಗುತ್ತದೆ. 'ಬಿಸಲು ಬಡದದ' ಅಂತ ನಿಂಬೆ ಶರಬತ್ತು ಕೊಟ್ಟು ಮಲಗಿಸಿಬಿಡುತ್ತಾರೆ. ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಅದು ವಿಷದ ಗುರುತು. ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಔಷಧಿ ಹೊಡೆದವರಿಗೆ ಹೀಗಾದರೆ ತೊಯ್ದ ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಬಾಟಲಿಯ ಲೇಬಲ್ ಜೊತೆಗಿರಲಿ. ಆರ್ಗನೋಫಾಸ್ಫೇಟ್ ಎಂದು ಗೊತ್ತಾದರೆ ಡಾಕ್ಟರ್ ಅಟ್ರೊಪಿನ್ ಎಂಬ ಪ್ರತಿವಿಷ ಶುರು ಮಾಡಲು ತಡವಾಗುವುದಿಲ್ಲ.