ಎಲ್‌ಎಸ್‌ಮಾಡ್‌ನಲ್ಲಿ ಡ್ರೈವರ್ ಇದೆ, ಆದರೂ ಡಿವೈಸ್ ಇಲ್ಲ: ಪ್ರೋಬ್ ಬಗ್ಗೆ ಟಿಪ್ಪಣಿ

ಬೋರ್ಡ್ ರಾಸ್ಪ್‌ಬೆರಿ ಪೈ 4, ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್. ದಾವಣಗೆರೆ ಎಪಿಎಂಸಿ ಹತ್ತಿರದ ಮೆಕ್ಕೆಜೋಳದ ಗೋದಾಮಿನಲ್ಲಿ ಉಷ್ಣಾಂಶ, ತೇವಾಂಶ ದಾಖಲಿಸೋದು ಅದರ ಕೆಲಸ. ಪೈ 4ಕ್ಕೆ ಸ್ವಂತ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ನೆಟ್ ಸಿಗದಿದ್ದರೆ ಕೊನೆಯ ಸಲ ಉಳಿಸಿಟ್ಟ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ಹೀಗಾಗಿ ಮಧ್ಯಾಹ್ನ ಏರಿದ ತೇವಾಂಶ ಫೈಲಿನಲ್ಲಿ ಬೆಳಗಿನ ಲೆಕ್ಕಕ್ಕೆ ಬಿದ್ದಿರುತ್ತದೆ. ಅದಕ್ಕೆ ಡಿಎಸ್3231 ಎಂಬ ಗಡಿಯಾರದ ಚಿಪ್ಪನ್ನು ಐ2ಸಿ ಬಸ್ಸಿಗೆ (ಎರಡೇ ತಂತಿಗಳಲ್ಲಿ ಹಲವು ಚಿಪ್ಪುಗಳು ಮಾತಾಡುವ ದಾರಿ) ಜೋಡಿಸಿದ್ದು. ವೈರಿಂಗ್, ಕಾನ್ಫಿಗ್ ಫೈಲಿನಲ್ಲಿ ಐ2ಸಿ ಆನ್ ಮಾಡೋದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಹೊಸ ಓಎಸ್‌ನಲ್ಲಿ, ಅಂದರೆ ಬುಕ್‌ವರ್ಮ್‌ನಿಂದ ಈಚೆಗೆ, ಆ ಫೈಲು /ಬೂಟ್/ಫರ್ಮ್‌ವೇರ್ ಒಳಗಿದೆ ಅನ್ನೋದನ್ನಷ್ಟೇ ನೆನಪಿಡಿ. ಆಜ್ಞೆಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

ತಲೆ ಕೆಡಿಸಿದ ಹೆಜ್ಜೆ

ಬಸ್ಸಿನ ಮೇಲೆ ಯಾವ ವಿಳಾಸಗಳು ಓಗೊಡುತ್ತವೆ ಅಂತ ತೋರಿಸುವ ಐ2ಸಿಡಿಟೆಕ್ಟ್ ಓಡಿಸಿದರೆ ಪಟ್ಟಿಯಲ್ಲಿ ಚಿಪ್ಪಿನ ವಿಳಾಸ 68 (ಹೆಕ್ಸ್, ಅಂದರೆ 16ರ ಲೆಕ್ಕದಲ್ಲಿ) ಕಾಣುತ್ತದೆ. ಮಾಡ್‌ಪ್ರೋಬ್ ಕೊಟ್ಟು ಆರ್‌ಟಿಸಿ-ಡಿಎಸ್1307 ಡ್ರೈವರ್ ಹಾಕಿದರೆ (ಡಿಎಸ್3231ಕ್ಕೂ ಇದೇ ಡ್ರೈವರ್, ಹೆಸರು ನೋಡಿ ಗಾಬರಿಯಾಗಬೇಡಿ) ಲೋಡ್ ಆದ ಡ್ರೈವರುಗಳ ಪಟ್ಟಿಯಾದ ಎಲ್‌ಎಸ್‌ಮಾಡ್‌ನಲ್ಲೂ ಅದು ಬಂದು ಕೂರುತ್ತದೆ. ಆದರೂ /ಡೆವ್/ಆರ್‌ಟಿಸಿ0, ಅಂದರೆ ಗಡಿಯಾರವನ್ನು ಬಳಸೋಕೆ ಬೇಕಾದ ಫೈಲು, ಹುಟ್ಟೋದಿಲ್ಲ. ಕರ್ನೆಲ್ಲಿನ (ಲಿನಕ್ಸಿನ ತಿರುಳು) ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ ಒಂದು ಸಾಲೂ ಇಲ್ಲ. ಚಿತ್ರದುರ್ಗದಿಂದ ಕಲಿಯೋಕೆ ಬರುವ ಗೆಳೆಯನದೂ ಇದೇ ಪ್ರಶ್ನೆ: "ಚಿಪ್ಪೂ ಐತಿ, ಡ್ರೈವರ್ರೂ ಐತಿ, ಇನ್ನೇನ್ ಬೇಕು?"

ಬೇಕಾಗಿರೋದು ಮೂರನೆಯದು. ಚಿಪ್ಪು ತಂತಿಯ ಮೇಲಿರೋದು ಒಂದು ಸಂಗತಿ, ಡ್ರೈವರಿನ ಕೋಡ್ ಮೆಮೊರಿಯಲ್ಲಿರೋದು ಇನ್ನೊಂದು. ಇವೆರಡರ ನಡುವೆ ಕರ್ನೆಲ್ಲಿನ ಒಳಗೆ "ಬಸ್ 1ರಲ್ಲಿ, ವಿಳಾಸ 68ರಲ್ಲಿ, ಡಿಎಸ್3231 ಇದೆ" ಎಂಬ ದಾಖಲೆ ಇರಬೇಕು. ಆ ದಾಖಲೆಯನ್ನೇ ಕರ್ನೆಲ್ ಡಿವೈಸ್ ಅನ್ನೋದು. ಅದು ಇದ್ದು, ಹೆಸರು ಹೊಂದಿದರೆ ಮಾತ್ರ ಡ್ರೈವರಿನ ಪ್ರೋಬ್ ಫಂಕ್ಷನ್, ಅಂದರೆ ಚಿಪ್ಪನ್ನು ವಹಿಸಿಕೊಂಡು ಸಜ್ಜು ಮಾಡುವ ಕೋಡ್, ಓಡುತ್ತದೆ. /ಡೆವ್ ಒಳಗಿನ ಫೈಲು ಹುಟ್ಟೋದು ಪ್ರೋಬ್ ಗೆದ್ದ ಮೇಲೆ.

ಯುಎಸ್‌ಬಿಯಲ್ಲಿ ಈ ತೊಂದರೆ ಕಾಣೋದಿಲ್ಲ, ಯಾಕೆಂದರೆ ಸಾಧನವೇ ತನ್ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಹೇಳಿಕೊಳ್ಳುತ್ತದೆ. ಐ2ಸಿಯಲ್ಲಿ ಆ ಪದ್ಧತಿಯೇ ಇಲ್ಲ. 68 ಅಂತ ಕರೆದರೆ ಯಾರೋ ಒಬ್ಬರು ಓಗೊಡುತ್ತಾರೆ, ಅಷ್ಟೇ. ಡಿಎಸ್3231, ಹಳೆಯ ಡಿಎಸ್1307, ಚಲನೆ ಅಳೆಯುವ ಎಂಪಿಯು6050 ಮೂರರ ವಿಳಾಸವೂ 68. ಓಗೊಟ್ಟಿದ್ದು ಗಡಿಯಾರವೋ ಮತ್ತೊಂದೋ ಕರ್ನೆಲ್ಲಿಗೆ ಹೇಗೆ ತಿಳಿಯಬೇಕು? ಐ2ಸಿಡಿಟೆಕ್ಟ್ ಡ್ರೈವರನ್ನು ಕೇಳದೆ ನೇರವಾಗಿ ಬಸ್ಸಿನ ಮೇಲೆ ಕೂಗುತ್ತದೆ, ಆದ್ದರಿಂದ 68 ಕಂಡರೆ ಸಾಬೀತಾಗೋದು ವೈರಿಂಗ್ ಮಾತ್ರ. ಅದೇ ಜಾಗದಲ್ಲಿ ಯುಯು ಅಂತ ಬಂದರೆ ಆ ವಿಳಾಸವನ್ನು ಡ್ರೈವರ್ ಹಿಡಿದುಕೊಂಡಿದೆ ಎಂದರ್ಥ. ನಮಗೆ ಬೇಕಾದದ್ದು 68 ಅಲ್ಲ, ಯುಯು! 68 ನೋಡಿ ಖುಷಿಪಟ್ಟು ಮುಂದೆ ಹೋದವರೇ ಜಾಸ್ತಿ.

ಆ ದಾಖಲೆ ಬರೋದು ಡಿವೈಸ್ ಟ್ರೀಯಿಂದ, ಅಂದರೆ ಬೋರ್ಡಿನಲ್ಲಿ ಏನೇನು ಎಲ್ಲೆಲ್ಲಿದೆ ಅಂತ ಕರ್ನೆಲ್ಲಿಗೆ ತಿಳಿಸುವ ಪಟ್ಟಿಯಿಂದ. ಕಾನ್ಫಿಗ್ ಫೈಲಿನಲ್ಲಿ ಡಿಟಿಓವರ್ಲೇ=ಐ2ಸಿ-ಆರ್‌ಟಿಸಿ,ಡಿಎಸ್3231 ಅಂತ ಬರೆದಾಗ ಟ್ರೀಗೆ ಒಂದು ನೋಡ್ (ಕವಲು) ಸೇರುತ್ತದೆ, ಹೀಗೆ ಸೇರಿಸುವ ತುಣುಕೇ ಓವರ್ಲೇ. ಅದರೊಳಗೆ ಕಂಪ್ಯಾಟಿಬಲ್ ಎಂಬ ಹೆಸರಿನ ಪಟ್ಟಿ ಇರುತ್ತದೆ: ಮ್ಯಾಕ್ಸಿಮ್,ಡಿಎಸ್3231. ಡ್ರೈವರಿನೊಳಗೂ ಇಂಥದೇ ಪಟ್ಟಿ. ಕರ್ನೆಲ್ ಎರಡನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಕಾಮಾ ಇರಬೇಕಾದಲ್ಲಿ ಹೈಫನ್ ಬಿದ್ದರೆ ತಾಳೆಯಾಗೋದಿಲ್ಲ, ಮತ್ತು ಇದಕ್ಕೆ ಯಾವ ಎರರ್ರೂ ಇಲ್ಲ. ಹೆಸರು ಹೊಂದದಿರೋದು ಕರ್ನೆಲ್ಲಿನ ದೃಷ್ಟಿಯಲ್ಲಿ ತಪ್ಪಲ್ಲ, ಈ ಡ್ರೈವರ್ ಆ ಡಿವೈಸಿನದಲ್ಲ ಅಂತ ಸುಮ್ಮನಾಗುತ್ತದೆ. ಡಿಮೆಸೆಜ್ ಖಾಲಿ ಇದ್ದರೆ "ಪ್ರೋಬ್ ಸೋತಿದೆ" ಅಂತ ಓದಬೇಡಿ, "ಪ್ರೋಬನ್ನು ಯಾರೂ ಕರೆದೇ ಇಲ್ಲ" ಎಂಬ ಅನುಮಾನ ಮೊದಲು ಬರಲಿ.

ಕಂಪ್ಯಾಟಿಬಲ್ ಓದುವಾಗ ಒಂದು ಕಿರಿಕಿರಿ. ಟ್ರೀ ಎಲ್ಲಾ /ಪ್ರೋಕ್/ಡಿವೈಸ್-ಟ್ರೀ ಅಡಿಯಲ್ಲಿ ಫೈಲುಗಳಾಗಿ ಸಿಗುತ್ತದೆ, ಆದರೆ ಹೆಸರುಗಳ ನಡುವೆ ಇರೋದು ಶೂನ್ಯ ಬೈಟ್. ಬುಡದಲ್ಲಿರುವ ಕಂಪ್ಯಾಟಿಬಲ್ ಫೈಲನ್ನು ಕ್ಯಾಟ್ ಮಾಡಿದರೆ ಪೈ 4ರಲ್ಲಿ "ರಾಸ್ಪ್‌ಬೆರಿಪೈ,4-ಮಾಡೆಲ್-ಬಿಬಿಆರ್‌ಸಿಎಂ,ಬಿಸಿಎಂ2711" ಅಂತ ಅಂಟಿಕೊಂಡು ಬರುತ್ತದೆ. ಅಲ್ಲಿರೋದು ಎರಡು ಹೆಸರು, ಮೊದಲನೆಯದು "ಮಾಡೆಲ್-ಬಿ"ಗೇ ಮುಗಿಯುತ್ತದೆ. ಟಿಆರ್ ಆಜ್ಞೆಯಿಂದ ಶೂನ್ಯವನ್ನು ಹೊಸ ಸಾಲಾಗಿ ಬದಲಿಸಿ ಓದಿ.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ

ರೀಬೂಟ್ ಮಾಡದೆ ಆ ದಾಖಲೆಯನ್ನು ಕೈಯಿಂದಲೇ ಹುಟ್ಟಿಸಬಹುದು. /ಸಿಸ್/ಕ್ಲಾಸ್/ಐ2ಸಿ-ಅಡಾಪ್ಟರ್/ಐ2ಸಿ-1 ಒಳಗೆ ನ್ಯೂ_ಡಿವೈಸ್ ಎಂಬ ಫೈಲಿದೆ. ಅದಕ್ಕೆ "ಡಿಎಸ್3231 0ಎಕ್ಸ್68" ಅಂತ ಬರೆದರೆ ಆಯಿತು. ಸುಡೋ ಎಕೋ ಅಂತ ಬರೆದು ಬಾಣದ ಗುರುತು ಹಾಕಿದರೆ ಪರ್ಮಿಷನ್ ಡಿನೈಡ್ ಬರುತ್ತದೆ. ಫೈಲು ತೆರೆಯೋದು ಮಾಮೂಲಿ ಅಧಿಕಾರದ ನಿಮ್ಮ ಶೆಲ್, ರೂಟ್ ಅಧಿಕಾರ ಕೊಡುವ ಸುಡೋ ಅಲ್ಲ. ಎಕೋ ಮಾಡಿ ಪೈಪ್ ಮೂಲಕ ಸುಡೋ ಟೀಗೆ ಕೊಡಿ. ಡ್ರೈವರ್ ಲೋಡ್ ಆಗಿರದಿದ್ದರೂ ತಾನೇ ಬರುತ್ತದೆ, ಮಾಡ್‌ಪ್ರೋಬ್ ಕೂಡ ಬೇಡ. ತೆಗೆಯೋಕೆ ಪಕ್ಕದಲ್ಲೇ ಡಿಲೀಟ್_ಡಿವೈಸ್ ಇದೆ.

ಇದರ ನಿಜವಾದ ಲಾಭ ಬೇರೆ. ಈ ದಾರಿ ಡಿವೈಸ್ ಟ್ರೀಯನ್ನು ಮುಟ್ಟೋದೇ ಇಲ್ಲ, ಡ್ರೈವರಿನ ಐ2ಸಿ ಹೆಸರುಗಳ ಇನ್ನೊಂದು ಪಟ್ಟಿಯನ್ನು ನೋಡುತ್ತದೆ. ಕೈಯಿಂದ ಹಾಕಿದಾಗ ಗಡಿಯಾರ ಬಂದು, ಓವರ್ಲೇಯಿಂದ ಬರದಿದ್ದರೆ ವೈರ್, ಚಿಪ್ಪು, ಡ್ರೈವರ್ ಮೂರೂ ಸರಿ ಇವೆ, ದೋಷ ಓವರ್ಲೇಯಲ್ಲಿ ಅಥವಾ ನೀವು ತಿದ್ದಿದ ಕಾನ್ಫಿಗ್ ಫೈಲಿನಲ್ಲಿ. ಒಂದೇ ಸಾಲಿನಲ್ಲಿ ಹುಡುಕಾಟ ಅರ್ಧಕ್ಕಿಳಿಯಿತು. ಬಂಧ ಕೂಡಿದೆಯೇ ಅಂತ ಖಾತ್ರಿ ಮಾಡಲು /ಸಿಸ್/ಬಸ್/ಐ2ಸಿ/ಡಿವೈಸಸ್/1-0068 ಒಳಗೆ ಡ್ರೈವರ್ ಎಂಬ ಲಿಂಕ್ ಇದೆಯೇ ನೋಡಿ. ಫೋಲ್ಡರೇ ಇಲ್ಲದಿದ್ದರೆ ದಾಖಲೆ ಇಲ್ಲ. ಫೋಲ್ಡರ್ ಇದ್ದು ಲಿಂಕ್ ಇಲ್ಲದಿದ್ದರೆ ಹೆಸರು ಹೊಂದಿಲ್ಲ, ಇಲ್ಲವೇ ಪ್ರೋಬ್ ಸೋತಿದೆ, ಇಲ್ಲವೇ ಕಾಯುತ್ತಿದೆ. ಎಲ್‌ಎಸ್‌ಮಾಡ್ ನೋಡೋದನ್ನು ನಾನಂತೂ ಬಿಟ್ಟೇಬಿಟ್ಟಿದ್ದೇನೆ.

ಕಾಯುವುದು: ಮೈನಸ್ 517

ಪ್ರೋಬ್ ಓಡಿತು, ಆದರೆ ತನಗೆ ಬೇಕಾದ ರೆಗ್ಯುಲೇಟರ್ (ವೋಲ್ಟೇಜ್ ಕೊಡುವುದು), ಕ್ಲಾಕ್ ಅಥವಾ ಜಿಪಿಐಓ ಪಿನ್ ಇನ್ನೂ ಬಂದಿಲ್ಲ ಅನ್ನಿ. ಉದಾಹರಣೆಗೆ ಸೆನ್ಸರಿನ ರೀಸೆಟ್ ಪಿನ್ನನ್ನು ಹೆಚ್ಚುವರಿ ಪಿನ್‌ಗಳನ್ನು ಕೊಡುವ ಎಂಸಿಪಿ23017 ಎಕ್ಸ್‌ಪಾಂಡರಿಗೆ ಕೊಟ್ಟಿದ್ದೀರಿ, ಆ ಎಕ್ಸ್‌ಪಾಂಡರಿನ ಡ್ರೈವರೇ ಲೋಡ್ ಆಗಿಲ್ಲ. ಆಗ ಪ್ರೋಬ್ ಮೈನಸ್ 517 ಕೊಟ್ಟು ಹಿಂದಿರುಗುತ್ತದೆ, ಕರ್ನೆಲ್ ಅದನ್ನು ಕಾಯುವವರ ಪಟ್ಟಿಗೆ ಹಾಕಿ ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಈ ಸಂಖ್ಯೆ ಮಾಮೂಲಿ ಎರರ್ ಪಟ್ಟಿಗಳಲ್ಲಿ ಸಿಗೋದಿಲ್ಲ, ಕರ್ನೆಲ್ಲಿನ ಒಳಬಳಕೆಗೆ ಮಾತ್ರ ಇರೋದು. ಕಾಯುತ್ತಿರುವವರು ಯಾರು ಅಂತ ರೂಟ್ ಆಗಿ /ಸಿಸ್/ಕರ್ನೆಲ್/ಡೀಬಗ್/ಡಿವೈಸಸ್_ಡಿಫರ್ಡ್ ಓದಿ. ಹೊಸ ಕರ್ನೆಲ್ಲುಗಳಲ್ಲಿ ಎಷ್ಟೋ ಸಲ ಕಾರಣವೂ ಪಕ್ಕದಲ್ಲೇ ಇರುತ್ತದೆ. ಉಳಿದ ಸಂಖ್ಯೆಗಳಲ್ಲಿ ಪದೇ ಪದೇ ಕಾಣೋದು: ಫರ್ಮ್‌ವೇರ್ ಲೋಡ್ ಜೊತೆ ಮೈನಸ್ 2 ಬಂದರೆ ಆ ಫೈಲೇ ಇಲ್ಲ, ಮೈನಸ್ 110 ಅಂದರೆ ಕಾದು ಕಾದು ಸಮಯ ಮುಗಿಯಿತು, ಐ2ಸಿಯಲ್ಲಿ ಮೈನಸ್ 121 ಅಂದರೆ ಸಾಮಾನ್ಯವಾಗಿ ಆ ಕಡೆಯಿಂದ ಓಗೊಡಲಿಲ್ಲ. ಈ ಕೊನೆಯದು ಬಂದರೆ ಮತ್ತೆ ವೈರ್ ಕಡೆಗೆ ಹೋಗಿ.

ಬೇರೆ ಎರಡು ಮಾತು

ಹೊರಗಿನಿಂದ ಕಂಪೈಲ್ ಮಾಡಿದ ವೈಫೈ ಡಾಂಗಲ್ ಡ್ರೈವರ್, ಕರ್ನೆಲ್ ಅಪ್‌ಗ್ರೇಡ್ ಆದ ಮೇಲೆ "ಇನ್ವಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಅಂದರೆ, ಮಾಡ್‌ಇನ್ಫೋ ತೋರಿಸುವ ವರ್ಮ್ಯಾಜಿಕ್ಕನ್ನು (ಡ್ರೈವರ್ ಯಾವ ಕರ್ನೆಲ್ಲಿಗೆ ಕಂಪೈಲ್ ಆಗಿದೆ ಎಂಬ ಗುರುತು) ಯುನೇಮ್ ಮೈನಸ್ ಆರ್ (ಈಗ ಓಡುತ್ತಿರುವ ಕರ್ನೆಲ್) ಜೊತೆ ಹೋಲಿಸಿ. ಬೇರೆ ಇದ್ದರೆ ಹೊಸ ಹೆಡರ್‌ಗಳನ್ನಿಟ್ಟು ಮತ್ತೆ ಕಂಪೈಲ್ ಮಾಡಿ, ಕರ್ನೆಲ್ ಬದಲಾದಾಗ ತಾನೇ ಕಂಪೈಲ್ ಮಾಡುವ ಡಿಕೆಎಂಎಸ್ ಹಾಕಿಕೊಂಡರೆ ಪ್ರತಿ ಸಲದ ಗೋಳು ತಪ್ಪುತ್ತದೆ.

ಯುಎಸ್‌ಬಿ ಸಾಧನ ಬಂದು ಬಂದು ಹೋಗುತ್ತಿದ್ದರೆ ಡ್ರೈವರನ್ನು ಬೈಯುವ ಮೊದಲು ಪವರ್ ಸಾಕಾಗುತ್ತಿದೆಯೇ ಅಂತ ತಿಳಿಸುವ ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ ಓಡಿಸಿ. ಹೆಕ್ಸ್‌ನಲ್ಲಿ 50005 ಅಂದರೆ ಈಗಲೂ ವೋಲ್ಟೇಜ್ ಕಡಿಮೆ ಇದೆ, ಪ್ರೊಸೆಸರಿನ ವೇಗಕ್ಕೂ ಕಡಿವಾಣ ಬಿದ್ದಿದೆ. 50000 ಅಂದರೆ ಈಗ ಸರಿ ಇದೆ, ಬೂಟ್ ಆದಮೇಲೆ ಯಾವಾಗಲೋ ಎರಡೂ ಆಗಿತ್ತು. ಎಚ್ಚರಿಕೆ ಬರೋದು ಸುಮಾರು 4.63 ವೋಲ್ಟಿಗೆ ಇಳಿದಾಗ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಸಪ್ಲೈ ಬೇಕು. ಚಾರ್ಜರ್ ಮೇಲೆ 3 ಆಂಪಿಯರ್ ಅಂತ ಬರೆದಿದ್ದರೂ ಉದ್ದದ ತೆಳು ಕೇಬಲ್ಲಿನಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ, ಮೊದಲು ಕೇಬಲ್ ಬದಲಿಸಿ ನೋಡಿ.