ಗುರಿ ತಪ್ಪಿದ ಕಲ್ಲು: ‘ಪಾಪ’ ಎಂಬ ಮಾತು ನಡೆದು ಬಂದ ದಾರಿ

ಬೈಬಲ್‌ನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಚರು ಬರುತ್ತಾರೆ. ಕವಣೆ ಬೀಸುವುದರಲ್ಲಿ ಎತ್ತಿದ ಕೈ. ಕೂದಲೆಳೆಗೆ ಗುರಿಯಿಟ್ಟರೂ ಕಲ್ಲು ತಪ್ಪುತ್ತಿರಲಿಲ್ಲವಂತೆ. ಇಲ್ಲಿ ‘ತಪ್ಪು’ ಎನ್ನಲು ಬಳಸಿರುವ ಹೀಬ್ರೂ ಕ್ರಿಯಾಪದವೇ ಬೇರೆ ಕಡೆ ‘ಪಾಪ ಮಾಡು’ ಎನ್ನಲೂ ಬರುತ್ತದೆ. ಪಾಪಕ್ಕೆ ಗ್ರೀಕಿನಲ್ಲಿರುವ ‘ಹಮಾರ್ತಿಯಾ’ ಎಂಬ ಮಾತಿನ ಬೇರಿನಲ್ಲೂ ಇದೇ ಅರ್ಥ. ಕನ್ನಡದ್ದೂ ಹಾಗೇ ಅಲ್ವಾ? ಗುರಿಯೂ ತಪ್ಪುತ್ತದೆ, ಮನುಷ್ಯನೂ ತಪ್ಪುತ್ತಾನೆ.

ಜೊತೆಗೆ ಪಾಪವೆಂದರೆ ದೇವರಿಗೆ ತೀರಿಸಬೇಕಾದ ಸಾಲ ಎಂಬ ಚಿತ್ರವೂ ಇತ್ತು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸುವ ಪ್ರಾರ್ಥನೆಯ ಗ್ರೀಕ್ ಮೂಲ ‘ನಮ್ಮ ಸಾಲಗಳನ್ನು ಮನ್ನಾ ಮಾಡು’ ಎನ್ನುತ್ತದೆ.

ಪಾಪವನ್ನು ಹುಟ್ಟಿನಿಂದಲೇ ಬರುವ ರೋಗದಂತೆ ಕಂಡವನು ಉತ್ತರ ಆಫ್ರಿಕಾದ ಕ್ರೈಸ್ತ ಚಿಂತಕ ಆಗಸ್ಟೀನ್. ಹದಿನಾರನೇ ವಯಸ್ಸಿನಲ್ಲಿ ಅವನು ಗೆಳೆಯರ ಜೊತೆ ರಾತ್ರಿ ಹೋಗಿ ಪೇರ್ ಹಣ್ಣು ಕದ್ದಿದ್ದ. ಹಸಿವೇನೂ ಇರಲಿಲ್ಲ. ಮನೆಯಲ್ಲೇ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಸುಮಾರು 400ರ ಹೊತ್ತಿಗೆ, ಬಿಷಪ್ ಆದ ಮೇಲೂ, ಅವನಿಗೆ ಅದೇ ಚಿಂತೆ: ಯಾಕೆ ಕದ್ದೆ? ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮನ ಪಾಪ ಪ್ರತಿ ಶಿಶುವಿಗೂ ಅಂಟಿದೆ ಎಂದು ಅವನು ವಾದಿಸಿದ. ಅದೇ ಕಾಲದ ಕ್ರೈಸ್ತ ಬೋಧಕ ಪೆಲಾಜಿಯಸ್ ಒಪ್ಪಲಿಲ್ಲ. 418ರಲ್ಲಿ ಕಾರ್ಥೇಜ್ ನಗರದಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಜಿಯಸ್ ಪಂಥದ ಬೋಧನೆಯನ್ನು ಖಂಡಿಸಿತು. ಕೂಸನ್ನು ‘ಪಾಪು’ ಎನ್ನುವ ನಮಗೆ ಆಗಸ್ಟೀನ್‌ನ ಮಾತು ಗಂಟಲಲ್ಲಿ ಇಳಿಯುವುದು ಕಷ್ಟ. ಪೂರ್ವದ ಆರ್ಥಡಾಕ್ಸ್ ಚರ್ಚುಗಳೂ ಆದಾಮನಿಂದ ಬಂದದ್ದು ಸಾವು, ಅಪರಾಧವಲ್ಲ ಎನ್ನುತ್ತವೆ.

ಮುಂದೆ ಪಶ್ಚಿಮದಲ್ಲಿ ಈ ಪಾಪದ ಸಾಲದ ಲೆಕ್ಕದ ಪುಸ್ತಕವೇ ದೊಡ್ಡದಾಯಿತು. ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು 1215ರಲ್ಲಿ ನಿಯಮವಾಯಿತು. ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳು ಮಾರಾಟಕ್ಕೆ ಬಂದವು. 1517ರಲ್ಲಿ ಜರ್ಮನಿಯ ಸನ್ಯಾಸಿ ಲೂಥರ್ ಇದರ ವಿರುದ್ಧ ಸಿಡಿದೆದ್ದ.

1762ರಲ್ಲಿ ಚಿಂತಕ ರೂಸೋ ಮನುಷ್ಯ ಹುಟ್ಟಾ ಒಳ್ಳೆಯವನು ಎಂದ. ಪ್ಯಾರಿಸ್‌ನಲ್ಲಿ ಅವನ ಪುಸ್ತಕ ಸುಟ್ಟರು. 1887ರಲ್ಲಿ ತತ್ವಜ್ಞಾನಿ ನೀಚೆ ಜರ್ಮನ್ ಭಾಷೆಯ ಒಂದು ಗುಟ್ಟು ಹಿಡಿದ: ಅಪರಾಧಕ್ಕೂ ಸಾಲಕ್ಕೂ ಅಲ್ಲಿ ಒಂದೇ ಬೇರು. ಹಾಗಾದರೆ ಪಾಪಪ್ರಜ್ಞೆ ಎಂದರೆ ಮನಸ್ಸಿನೊಳಗೆ ಕೂತ ಸಾಲಗಾರನ ಭಯವೇ? 1946ರಲ್ಲಿ ಪೋಪ್ 12ನೇ ಪಿಯುಸ್, ಪಾಪದ ಅರಿವು ಕಳೆದುಹೋದದ್ದೇ ಈ ಶತಮಾನದ ಪಾಪ ಎಂದರು. ಫ್ರಾನ್ಸಿನ ಚಿಂತಕ ಫೂಕೋ 1976ರಲ್ಲಿ ಇನ್ನೊಂದು ಮಗ್ಗುಲು ತೋರಿಸಿದ. ನಿವೇದನೆ ಎಲ್ಲೂ ಹೋಗಿಲ್ಲ. ಚರ್ಚಿನಿಂದ ಎದ್ದು ವೈದ್ಯರ ಕೋಣೆಗೂ ಕೋರ್ಟಿಗೂ ಹರಡಿದೆ, ಅಷ್ಟೇ.

ಲೆಕ್ಕದ ಪುಸ್ತಕ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ಕಷ್ಟ ಇರುವುದು ಕವಣೆಯ ಕಲ್ಲಿನಲ್ಲಿ. ಎಲ್ಲರನ್ನೂ ಒಳಗೊಳ್ಳುವ ಮಹಾಕಥನಗಳ ಮೇಲೆ ನಂಬಿಕೆ ಹೋಗಿದೆ ಎಂದು ಫ್ರಾನ್ಸಿನ ಇನ್ನೊಬ್ಬ ಚಿಂತಕ ಲ್ಯೋತಾರ್ 1979ರಲ್ಲಿ ಬರೆದ. ಗುರಿ ನೆಟ್ಟವರು ಯಾರು ಎಂಬ ಪ್ರಶ್ನೆ ಎದ್ದ ಮೇಲೆ, ಕಲ್ಲು ತಪ್ಪಿತು ಎನ್ನುವುದಾದರೂ ಹೇಗೆ?

ಹಾಗಿದ್ದೂ ಜನ ಹೇಳುತ್ತಲೇ ಇದ್ದಾರೆ. 1987ರಲ್ಲಿ ಪೋಪ್ 2ನೇ ಜಾನ್ ಪಾಲ್ ‘ಪಾಪದ ರಚನೆಗಳು’ ಎಂದು ಬರೆದರು. ಒಬ್ಬೊಬ್ಬರ ಪಾಪ ಸೇರಿ ಗಟ್ಟಿಯಾದ, ಬಡವರನ್ನು ಬಡವರಾಗಿಯೇ ಇಡುವ ವ್ಯವಸ್ಥೆಗಳು. ದೇವರನ್ನು ಒಪ್ಪದವರೂ ಇಂದು ಹುಟ್ಟಿನಿಂದ ಬಂದ ಸವಲತ್ತು, ಹಿಂದಿನವರು ಮಾಡಿದ ಅನ್ಯಾಯದ ಹೊಣೆ ಎಂದೆಲ್ಲ ಮಾತಾಡುತ್ತಾರೆ. ನಾವು ಆರಿಸಿಕೊಳ್ಳುವ ಮೊದಲೇ ನಮಗೆ ಅಂಟಿದ್ದು. ಆಗಸ್ಟೀನ್‌ಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

ಪೇರ್ ಹಣ್ಣು ಕದ್ದ ಹುಡುಗನನ್ನು ಇಂದು ಆಪ್ತಸಮಾಲೋಚಕರ ಮುಂದೆ ಕೂರಿಸಿ ಯಾಕಪ್ಪಾ ಕದ್ದೆ ಎಂದು ಕೇಳಿದರೆ ‘ಸುಮ್ನೆ’ ಎಂದಾನು. ನಲವತ್ತು ದಾಟಿದ ಆಗಸ್ಟೀನ್‌ಗೆ ಆ ಉತ್ತರ ಸಾಲಲಿಲ್ಲ.